ಆಷಾಢದಲ್ಲೊಂದು ಜಾಝ್ ಹಬ್ಬ ಯಾಕೆ ಆಗಬಾರದು?

ಮಾನ್ಯ ಸಂಪಾದಕರೇ,

ನಮ್ಮ ಕಡೆ ಉತ್ಸವ ಅಂದ ತಕ್ಷಣ ಜನ ಕೇಳುವ ಪ್ರಶ್ನೆ ಒಂದೇ. ಈ ಸಲ ಯಾರನ್ನು ಕರೆಸುತ್ತಿದ್ದಾರೆ? ಸಿನಿಮಾ ಗಾಯಕರ ಹೆಸರು ಬಂದರೆ ಮೈದಾನ ತುಂಬುತ್ತದೆ, ಬರದಿದ್ದರೆ ಬೇಜಾರು. ಮಳೆ ಕೈಕೊಟ್ಟರೆ ಉತ್ಸವ ಇಲ್ಲ, ನೀತಿ ಸಂಹಿತೆ ಜಾರಿಯಾದರೆ ಇಲ್ಲ, ಅನುದಾನ ಬರದಿದ್ದರೆ ಇಲ್ಲ. ಇದು ಹಾಸನದ ಕಥೆ ಮಾತ್ರ ಅಲ್ಲ, ಪಕ್ಕದ ಚಿಕ್ಕಮಗಳೂರಿನದ್ದೂ ಇದೇ. ಸರ್ಕಾರದ ದುಡ್ಡು ಬಂದಾಗ ಹಬ್ಬ, ಬರದಿದ್ದಾಗ ಸುಮ್ನೆ ಕೂರುವುದು. ಈ ಬಗ್ಗೆ ನನ್ನದೊಂದು ತಕರಾರಿದೆ, ಜೊತೆಗೊಂದು ಸಲಹೆಯೂ ಇದೆ. ಕೇಳಿ ನಕ್ಕರೂ ಪರವಾಗಿಲ್ಲ. ಹಾಸನದಲ್ಲಿ ಒಂದು ಜಾಝ್ ಹಬ್ಬ ಮಾಡೋಣ. ಜಾಝ್ ಅಂದರೆ ಅಮೆರಿಕದ ಕಪ್ಪು ಜನರ ನಡುವೆ ಹುಟ್ಟಿದ, ವಾದಕರು ಆಗಿಂದಾಗಲೇ ಬೆಳೆಸುತ್ತಾ ನುಡಿಸುವ ಸಂಗೀತ.

ಜಾಝಾ? ಅದು ಬೆಂಗಳೂರಿನ ಪಬ್‌ಗಳಲ್ಲಿ ನುಡಿಸುವುದಲ್ವಾ, ನಮಗ್ಯಾಕೆ ಅನ್ನುವವರಿಗೆ ಮೊದಲು ಮಾರ್ಸಿಯಾಕ್ ಅನ್ನುವ ಊರಿನ ವಿಷಯ ಹೇಳಬೇಕು.

ಫ್ರಾನ್ಸಿನ ನೈಋತ್ಯ ಮೂಲೆಯಲ್ಲಿರುವ ಊರು ಅದು. ಸುತ್ತಲೂ ಮುಸುಕಿನ ಜೋಳದ ಹೊಲ, ದ್ರಾಕ್ಷಿ ತೋಟ, ಬಾತುಕೋಳಿ ಸಾಕುವ ರೈತರು. ಜನಸಂಖ್ಯೆ ಹೆಚ್ಚು ಕಡಿಮೆ 1,200, ಅಂದರೆ ನಮ್ಮ ಹೋಬಳಿ ಕೇಂದ್ರಗಳಿಗಿಂತಲೂ ಚಿಕ್ಕದು. ಜಾಝ್‌ಗೂ ಆ ಊರಿಗೂ ಹಿಂದಿನ ನಂಟು ಏನೂ ಇರಲಿಲ್ಲ. 1978ರಲ್ಲಿ ಕೆಲವರು ಸೇರಿ ಒಂದು ಜಾಝ್ ಕಛೇರಿ ಏರ್ಪಡಿಸಿದರು. ಅದನ್ನು ಬೆಳೆಸಿದ್ದು ಮಂತ್ರಿಯಲ್ಲ, ಕಂಪನಿಯಲ್ಲ, ಊರಿನ ಶಾಲೆಯ ಮುಖ್ಯೋಪಾಧ್ಯಾಯರು. ಜಾನ್ ಲೂಯಿ ಗಿಲ್ಹೋಮೊ ಅಂತ ಅವರ ಹೆಸರು, ಆಮೇಲೆ ಊರಿನ ಮೇಯರೂ ಆದರು. ಈಗ ಪ್ರತಿ ಜುಲೈ ಕೊನೆಗೆ ಶುರುವಾಗಿ ಆಗಸ್ಟ್‌ವರೆಗೆ ಹಬ್ಬ ನಡೆಯುತ್ತದೆ. ಲಕ್ಷದ ಲೆಕ್ಕದಲ್ಲಿ ಜನ ಬರುತ್ತಾರೆ. ಊರಿನ ರಗ್ಬಿ ಮೈದಾನದಲ್ಲಿ ಸುಮಾರು 6,000 ಜನ ಕೂರುವ ದೊಡ್ಡ ಡೇರೆ ಹಾಕುತ್ತಾರೆ, ಅಲ್ಲಿಗೆ ಟಿಕೆಟ್. ಊರ ನಡುವಿನ ಚೌಕದಲ್ಲಿ ಹಗಲೆಲ್ಲ ಬೇರೆ ಕಛೇರಿಗಳು, ಅವು ಪುಕ್ಕಟೆ. ದುಡ್ಡಿದ್ದವರಿಗೂ ಇಲ್ಲದವರಿಗೂ ಜಾಗ ಇದೆ, ಹಾಗಂತ ಎಲ್ಲವನ್ನೂ ಪುಕ್ಕಟೆ ಮಾಡಿ ಕೈ ಸುಟ್ಟುಕೊಂಡಿಲ್ಲ.

ಇಷ್ಟೆಲ್ಲ ನಡೆಸುವವರು ಯಾರು? ನೂರಾರು ಸ್ವಯಂಸೇವಕರು. ಟಿಕೆಟ್ ನೋಡುವುದು, ಕುರ್ಚಿ ಜೋಡಿಸುವುದು, ವಾದಕರನ್ನು ನಿಲ್ದಾಣದಿಂದ ಕರೆತರುವುದು, ಅಡುಗೆ, ಗಾಡಿ ನಿಲ್ಲಿಸುವ ಜಾಗ ತೋರಿಸುವುದು, ಎಲ್ಲ ಅವರದ್ದೇ. ಊರಿನವರು ಸಾಲದೆ ಫ್ರಾನ್ಸಿನ ಬೇರೆ ಕಡೆಯಿಂದಲೂ ಬರುತ್ತಾರೆ. ವೇದಿಕೆ ಮೇಲೆ ಜಗತ್ತಿನ ದೊಡ್ಡ ಹೆಸರುಗಳೇ ಬಂದು ಹೋಗಿವೆ, ಅಮೆರಿಕದ ಟ್ರಂಪೆಟ್ ವಾದಕ ವಿಂಟನ್ ಮಾರ್ಸಾಲಿಸ್ ಆ ಊರಿಗೆ ಎಷ್ಟು ಹತ್ತಿರವಾದರು ಅಂದರೆ ಅಲ್ಲಿ ಅವರದೊಂದು ಕಂಚಿನ ಪ್ರತಿಮೆಯೇ ಇದೆ. ಆದರೆ ಹಬ್ಬ ಅವರ ಮೇಲೆ ನಿಂತಿಲ್ಲ.

ನನಗೆ ಇದಕ್ಕಿಂತ ಜಾಸ್ತಿ ಇಷ್ಟವಾಗಿದ್ದು ಅಲ್ಲಿನ ಶಾಲೆಯ ವಿಷಯ. ಮಕ್ಕಳು ಕಡಿಮೆಯಾಗಿ ಶಾಲೆ ಮುಚ್ಚುವ ಹಂತಕ್ಕೆ ಬಂದಿತ್ತು. ಈ ಮಾತು ನಮ್ಮ ಅರಕಲಗೂಡು, ಸಕಲೇಶಪುರ, ಆಲೂರಿನ ಹಳ್ಳಿಗಳವರಿಗೆ ಬಿಡಿಸಿ ಹೇಳಬೇಕಾಗಿಲ್ಲ. 1993ರಲ್ಲಿ ಅವರು ಏನು ಮಾಡಿದರು ಅಂದರೆ, ಮಾಮೂಲಿ ಪಾಠದ ಜೊತೆಗೆ ಜಾಝ್ ತರಗತಿ ಶುರು ಮಾಡಿದರು. ವಾರದಲ್ಲಿ ಕೆಲವು ಗಂಟೆ ವಾದ್ಯ ಕಲಿಯುವುದು, ಒಟ್ಟಿಗೆ ನುಡಿಸುವುದು. ದೂರದೂರದಿಂದ ಮಕ್ಕಳು ಬಂದು ಸೇರಿದರು, ಶಾಲೆ ಉಳಿಯಿತು. ಮೊದಲ ತಂಡದಲ್ಲೇ ಸೇರಿದ ಎಮಿಲ್ ಪರಿಸಿಯೆನ್ ಅನ್ನುವ ಹುಡುಗ ಇವತ್ತು ಯುರೋಪಿನ ಹೆಸರಾಂತ ಸ್ಯಾಕ್ಸೋಫೋನ್ ವಾದಕ. 2011ರಲ್ಲಿ ಊರಿಗೆ 500 ಸೀಟಿನ ಸಂಗೀತ ಸಭಾಂಗಣವೂ ಬಂತು. ಬೇಸಿಗೆಯ ಕೆಲವು ದಿನದ ಹಬ್ಬ ವರ್ಷಪೂರ್ತಿಯ ಕೆಲಸವಾಗಿದ್ದು ಹೀಗೆ.

ಅಮೆರಿಕದ ನ್ಯೂ ಆರ್ಲಿಯನ್ಸ್ ಜಾಝ್ ಹುಟ್ಟಿದ ಊರು, ಅಲ್ಲಿನ ಲೆಕ್ಕ ಬೇರೆ. ಆದರೂ ಒಂದು ಮಾತು. ಅಲ್ಲಿ 1970ರಲ್ಲಿ ದೊಡ್ಡ ಉತ್ಸವ ಮೊದಲ ಸಲ ನಡೆದಾಗ ಡ್ಯೂಕ್ ಎಲಿಂಗ್ಟನ್, ಮಹಾಲಿಯಾ ಜಾಕ್ಸನ್ ಅಂಥ ಹೆಸರಾಂತ ಸಂಗೀತಗಾರರೇ ಬಂದಿದ್ದರು. ಆದರೂ ಕೇಳಲು ಬಂದವರಿಗಿಂತ ನುಡಿಸಲು ಬಂದವರೇ ಜಾಸ್ತಿ ಇದ್ದರಂತೆ! ಮೊದಲ ವರ್ಷ ಕುರ್ಚಿ ಖಾಲಿ ಅಂತ ಕೈಬಿಡುವವರು ಇದನ್ನು ನೆನಪಿಟ್ಟುಕೊಳ್ಳಬೇಕು. ಆ ಉತ್ಸವದ ಒಡೆತನ ಲಾಭಕ್ಕೆ ದುಡಿಯದ ಒಂದು ಪ್ರತಿಷ್ಠಾನದ್ದು. ಬಂದ ದುಡ್ಡಿನಲ್ಲಿ ಮಕ್ಕಳಿಗೆ ಪುಕ್ಕಟೆ ಸಂಗೀತ ಶಾಲೆ ನಡೆಸುತ್ತಾರೆ, ಒಂದು ಸಮುದಾಯ ರೇಡಿಯೋ ಇದೆ, ಅದರಲ್ಲಿ ಕಾರ್ಯಕ್ರಮ ನಡೆಸುವವರೂ ಸ್ವಯಂಸೇವಕರೇ. ಅದಕ್ಕಿಂತ ಹಿಂದೆ, ನೂರು ವರ್ಷದ ಮೇಲಿನಿಂದಲೂ, ಅಲ್ಲಿನ ಕಪ್ಪು ಜನರ ಕೇರಿಗಳಲ್ಲಿ ಸಣ್ಣ ಸಣ್ಣ ಸಂಘಗಳಿದ್ದವು. ಎಲ್ಲರೂ ಚಂದಾ ಕಟ್ಟುವುದು, ಕಾಯಿಲೆ ಬಿದ್ದವರಿಗೆ ನೆರವು ಕೊಡುವುದು, ಸತ್ತರೆ ಮಣ್ಣು ಮಾಡಿಸುವುದು. ಆ ಶವಯಾತ್ರೆಗಳ ಬ್ಯಾಂಡುಗಳು ಹೋಗುವಾಗ ನಿಧಾನಕ್ಕೆ ನುಡಿಸಿ, ಬರುವಾಗ ಕುಣಿಯುವ ಹಾಗೆ ನುಡಿಸುತ್ತಿದ್ದವು. ಜಾಝ್ ಬೆಳೆದ ಬೀದಿಗಳು ಇವೇ. ಆ ಸಂಘಗಳಲ್ಲಿ ಕೆಲವು ಇವತ್ತಿಗೂ ಇವೆ, ಭಾನುವಾರಗಳಂದು ಮೆರವಣಿಗೆ ಹೊರಡುತ್ತವೆ.

ಈಗ ನಮ್ಮ ವಿಷಯಕ್ಕೆ ಬರುತ್ತೇನೆ. ಹಾಸನದಲ್ಲಿ ಸ್ಯಾಕ್ಸೋಫೋನ್ ನುಡಿಸುವವರು ಇಲ್ಲವೇ? ಬೇಕಾದಷ್ಟು ಇದ್ದಾರೆ. ಯಾವ ಮದುವೆ ಮನೆಗೆ ಹೋದರೂ ವಾಲಗದವರಲ್ಲಿ ಒಬ್ಬರ ಕೈಯಲ್ಲಿ ನಾಗಸ್ವರದ ಬದಲು ಅದೇ ಹಿತ್ತಾಳೆ ವಾದ್ಯ ಇರುತ್ತದೆ. ಬೆಲ್ಜಿಯಂನ ಅಡಾಲ್ಫ್ ಸ್ಯಾಕ್ಸ್ 1846ರಲ್ಲಿ ಪ್ಯಾರಿಸ್‌ನಲ್ಲಿ ಪೇಟೆಂಟ್ ಪಡೆದ ವಾದ್ಯ ಅದು, ಮಿಲಿಟರಿ ಬ್ಯಾಂಡುಗಳಲ್ಲಿ ಸುತ್ತಿ, ಜಾಝ್‌ನವರ ಕೈ ಸೇರಿ, ನಮ್ಮ ಮುಹೂರ್ತದ ಗಟ್ಟಿಮೇಳದವರೆಗೂ ಬಂದು ಕೂತಿದೆ. ಬಂದಿದ್ದು ಹೇಗೆ ಅಂತ ಎಲ್ಲರಿಗೂ ಗೊತ್ತು. ಕದ್ರಿ ಗೋಪಾಲನಾಥ್ ಮೈಸೂರು ಅರಮನೆ ಬ್ಯಾಂಡಿನಲ್ಲಿ ಅದನ್ನು ನೋಡಿ ಮನಸೋತು, ನಾಗಸ್ವರದ ಮನೆತನದಲ್ಲಿ ಹುಟ್ಟಿಯೂ ಇದನ್ನೇ ಹಿಡಿದು, ನಮ್ಮ ಸಂಗೀತದಲ್ಲಿ ಸ್ವರವನ್ನು ಓಲಾಡಿಸುವ ಗಮಕ ಅದರಲ್ಲಿ ಬರುವ ತನಕ ಬಿಡಲಿಲ್ಲ. 1980ರಲ್ಲಿ ಮುಂಬೈಯ ಜಾಝ್ ಉತ್ಸವದಲ್ಲಿ ಅಮೆರಿಕದ ಜಾಝ್ ವಾದಕ ಜಾನ್ ಹ್ಯಾಂಡಿ ಜೊತೆ ಅವರು ನುಡಿಸಿದ್ದು, 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್ ಸಂಗೀತೋತ್ಸವಕ್ಕೆ ಹೋಗಿದ್ದು, ಇದೆಲ್ಲ ದೊಡ್ಡ ಸುದ್ದಿ. ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್‌ನವರು ಅಮೆರಿಕದ ಸ್ಯಾಕ್ಸೋಫೋನ್ ವಾದಕ ಚಾರ್ಲಿ ಮರಿಯಾನೋ ಜೊತೆ ಸೇರಿ 1983ರಲ್ಲಿ ಆಲ್ಬಂ ತಂದಿದ್ದು ಅಷ್ಟು ಜನಕ್ಕೆ ಗೊತ್ತಿಲ್ಲ, ಗೊತ್ತಿರಬೇಕಿತ್ತು. ಅಂದರೆ ಕನ್ನಡ ನಾಡಿಗೆ ಜಾಝ್ ಹೊಸ ನೆಂಟ ಅಲ್ಲ.

ಆದರೆ ಮದುವೆ ಮನೆಯಲ್ಲಿ ವಾಲಗ ಕೇಳುವವರು ಯಾರಿದ್ದಾರೆ ಹೇಳಿ. ಡ್ರೋನ್ ಹಾರಿಸುವವನಿಗೆ ಇರುವ ಮರ್ಯಾದೆ ಅವರಿಗಿಲ್ಲ. ಮೂಲೆಯಲ್ಲಿ ಜಮಖಾನ, ಕೊನೆ ಪಂಕ್ತಿಯಲ್ಲಿ ಊಟ, ಮಧ್ಯೆ ಯಾರೋ ಬಂದು ಒಂದು ಸಿನಿಮಾ ಹಾಡು ನುಡಿಸಿ ಅಂತ ಹೇಳಿ ಹೋಗುತ್ತಾರೆ. ಅಮೆರಿಕದಲ್ಲೂ ಜಾಝ್ ನುಡಿಸುವ ಕಪ್ಪು ವಾದಕರು ತಾವು ನುಡಿಸುವ ಹೋಟೆಲಿಗೇ ಹಿಂಬಾಗಿಲಿನಿಂದ ಹೋಗಬೇಕಾದ ಕಾಲ ಇತ್ತು. ಹೋಲಿಕೆ ಅತಿಯಾಯಿತು ಅನ್ನಿಸಿದರೆ ಮುಂದಿನ ಮದುವೆಯಲ್ಲಿ ವಾಲಗದವರು ಎಷ್ಟು ಗಂಟೆಗೆ ಊಟ ಮಾಡುತ್ತಾರೆ ಅಂತ ಸ್ವಲ್ಪ ಗಮನಿಸಿ.

ನನ್ನ ಸಲಹೆ ಹುಟ್ಟಿದ್ದು ಇಲ್ಲೇ. ಆಷಾಢದಲ್ಲಿ ವಾಲಗದವರಿಗೆ ಕೆಲಸ ಇಲ್ಲ. ಕಲ್ಯಾಣ ಮಂಟಪಗಳೂ ಬಹುತೇಕ ಖಾಲಿ. ಶಾಮಿಯಾನದವರು, ಅಡುಗೆಯವರು, ಧ್ವನಿವರ್ಧಕದವರು, ಎಲ್ಲರಿಗೂ ಅದು ಬರಗಾಲದ ತಿಂಗಳು. ಉಳಿದ ದಿನ ದುಡ್ಡು ಕೊಟ್ಟರೂ ಸಿಗದ ಜಾಗ ಆಗ ಕಡಿಮೆಗೆ ಸಿಗುತ್ತದೆ. ಮಾರ್ಸಿಯಾಕ್‌ನ ಹಬ್ಬ ಬರುವುದೂ ಹೆಚ್ಚು ಕಡಿಮೆ ಆ ಹೊತ್ತಿಗೇ, ಅವರಿಗೆ ಅದು ಬೇಸಿಗೆ, ನಮಗೆ ಮಳೆ, ಅಷ್ಟೇ ವ್ಯತ್ಯಾಸ. ಮಳೆ ಇದ್ದರೆ ಏನಾಯಿತು, ಮಂಟಪಕ್ಕೆ ಸೂರು ಇದೆಯಲ್ಲ. ಧನುರ್ಮಾಸದಲ್ಲೂ ಮದುವೆ ಇರುವುದಿಲ್ಲ, ಹವೆಯೂ ಚೆನ್ನ, ಆದರೆ ಆಗ ಮಕ್ಕಳು ಪರೀಕ್ಷೆಯ ತಲೆಬಿಸಿಯಲ್ಲಿರುತ್ತಾರೆ. ನನಗಂತೂ ಆಷಾಢವೇ ಸರಿ ಅನ್ನಿಸುತ್ತದೆ.

ಎರಡು ದಿನ ಸಾಕು. ಜಿಲ್ಲೆಯ ಸ್ಯಾಕ್ಸೋಫೋನ್ ವಾದಕರು, ಡೋಲಿನವರು, ಬ್ಯಾಂಡ್ ಸೆಟ್‌ನ ಟ್ರಂಪೆಟ್‌ನವರು, ಚರ್ಚಿನಲ್ಲಿ ಕೀಬೋರ್ಡ್, ಗಿಟಾರ್ ನುಡಿಸುವ ಹುಡುಗ ಹುಡುಗಿಯರು ಒಂದು ಕಡೆ ಕೂರಲಿ. ಬೆಂಗಳೂರಿನಿಂದ ಜಾಝ್ ಬಲ್ಲ ಒಬ್ಬಿಬ್ಬರು ಬರಲಿ, ಸ್ಟಾರ್ ಆಗಿ ಅಲ್ಲ, ಹಗಲು ಹೇಳಿಕೊಟ್ಟು ಸಂಜೆ ಜೊತೆಯಲ್ಲಿ ನುಡಿಸುವುದಕ್ಕೆ. ಜಾಝ್‌ನಲ್ಲಿ ಒಂದು ಪಲ್ಲವಿ ಇಟ್ಟುಕೊಂಡು ಒಬ್ಬೊಬ್ಬರೇ ಸರದಿಯಲ್ಲಿ ಬೆಳೆಸುತ್ತಾ ಹೋಗುತ್ತಾರೆ. ಮನೋಧರ್ಮ, ಅಂದರೆ ಆಗಿಂದಾಗಲೇ ಕಲ್ಪಿಸಿ ನುಡಿಸುವುದು ಗೊತ್ತಿರುವ ವಾಲಗದವರಿಗೆ ಇದನ್ನು ಹೊಸದಾಗಿ ಕಲಿಸಬೇಕಾಗಿಲ್ಲ. ಅವರಿಗೆ ಬೇಕಾಗಿರುವುದು ಯಾರಾದರೂ ಕೂತು ಕೇಳುವುದು.

ನಡೆಸುವ ಜನ ಎಲ್ಲಿಂದ ಬರುತ್ತಾರೆ ಅನ್ನುವ ಪ್ರಶ್ನೆಗೆ ನನ್ನ ಉತ್ತರ ಗಣಪತಿ ಪೆಂಡಾಲ್. ಪ್ರತಿ ಬೀದಿಯಲ್ಲೂ ರಸೀದಿ ಪುಸ್ತಕ ಹಿಡಿದು ಚಂದಾ ಎತ್ತುವ, ಜನರೇಟರ್ ತರಿಸುವ, ಪೊಲೀಸ್ ಅನುಮತಿ ತರುವ, ಪ್ರಸಾದ ಹಂಚುವ, ವಿಸರ್ಜನೆ ದಿನ ನಿದ್ದೆಗೆಡುವ ಹುಡುಗರಿದ್ದಾರೆ. ರಾಮೋತ್ಸವದಲ್ಲಿ ಪಾನಕ, ಕೋಸಂಬರಿ ಹಂಚುತ್ತಾ ಕಛೇರಿಗಳನ್ನು ನಡೆಸಿಕೊಂಡು ಬಂದ ಹಿರಿಯರಿದ್ದಾರೆ. ನಮ್ಮ ಜಿಲ್ಲೆಯದೇ ರುದ್ರಪಟ್ಟಣ ನೋಡಿ. ಕಾವೇರಿ ದಡದ ಹಳ್ಳಿ. ಊರಿನವರೇ ಆದ ವಿದ್ವಾನ್ ಆರ್.ಕೆ. ಪದ್ಮನಾಭ ಮುಂದೆ ನಿಂತು ತಂಬೂರಿ ಆಕಾರದ ಧ್ಯಾನಮಂದಿರ ಕಟ್ಟಿಸಿದರು, ಸಂಗೀತೋತ್ಸವ ನಡೆಸಿದರು. ಸಿನಿಮಾದವರನ್ನು ನಂಬಿ ಮಾಡಿದ ಕೆಲಸ ಅಲ್ಲ ಅದು. ಕೈ ಇದೆ, ಅಭ್ಯಾಸ ಇದೆ, ಮತ್ತೇನು ಬೇಕು?

ಬೇಕಾಗಿರುವುದು ಆ ಕೈಗಳ ಬಗ್ಗೆ ಸ್ವಲ್ಪ ಗೌರವ. ಸ್ವಯಂಸೇವಕರು ಅಂದರೆ ಬಿಟ್ಟಿ ಆಳುಗಳು ಅಂತ ನಮ್ಮ ಸಂಘಟಕರು ತಿಳಿದಿದ್ದಾರೆ. ಒಂದು ಟೀ ಶರ್ಟ್ ಕೊಟ್ಟು ಬೆಳಗ್ಗೆ ಆರರಿಂದ ನಿಲ್ಲಿಸುತ್ತಾರೆ, ಗಣ್ಯರ ಊಟ ಮುಗಿದ ಮೇಲೆ ಇವರಿಗೆ ತಣ್ಣಗಿನ ಪಲಾವ್. ಮಾರನೇ ವರ್ಷ ಹುಡುಗರು ಬರದಿದ್ದರೆ ಈಗಿನ ಕಾಲದವರಿಗೆ ಸೇವಾ ಮನೋಭಾವ ಇಲ್ಲ ಅಂತ ಭಾಷಣ. ಪಾಳಿ ಮಾಡಿ, ನಾಲ್ಕು ಗಂಟೆಗಿಂತ ಜಾಸ್ತಿ ಯಾರನ್ನೂ ನಿಲ್ಲಿಸಬೇಡಿ, ಕಛೇರಿ ಕೇಳಲು ಬಿಡಿ. ಕುರ್ಚಿ ಹಾಕಿದವನಿಗೆ ಆ ಕುರ್ಚಿಯಲ್ಲಿ ಸ್ವಲ್ಪ ಹೊತ್ತು ಕೂರುವ ಯೋಗವೂ ಇರಬೇಕಲ್ವಾ.

ಇನ್ನೊಂದು ವಿಷಯದಲ್ಲಿ ನಾನು ಜಗಳಕ್ಕೂ ತಯಾರು. ವಾದಕರಿಗೆ ಸಂಭಾವನೆ ಕೊಡಲೇಬೇಕು. ಮೈಕ್ ನೋಡಿಕೊಳ್ಳುವವರಿಗೂ ಕೊಡಬೇಕು. ಊರಿನ ಕಲಾವಿದರು ಅಂದ ತಕ್ಷಣ ನಿಮಗೂ ಒಂದು ಅವಕಾಶ ಕೊಟ್ಟಿದ್ದೇವಲ್ಲ ಅನ್ನುವ ಚಾಳಿ ನಮ್ಮಲ್ಲಿದೆ. ಸಂಜೆ ಐದಕ್ಕೆ, ಇನ್ನೂ ಜನ ಬರುವ ಮೊದಲು, ಖಾಲಿ ಮೈದಾನಕ್ಕೆ ನುಡಿಸಿ ಎದ್ದು ಹೋಗುವುದು ಅವಕಾಶ ಅಲ್ಲ. ಅದು ಅವಮಾನ. ಆಷಾಢದಲ್ಲಿ ಕೈ ಖಾಲಿ ಇದೆ ಅಂತ ಅರ್ಧ ದುಡ್ಡಿಗೆ ಕರೆಸುವುದೂ ಬೇಡ. ಮದುವೆ ದಿನ ಎಷ್ಟು ಕೊಡುತ್ತೇವೋ ಅಷ್ಟೇ ಕೊಡೋಣ.

ದುಡ್ಡಿಗೆ ಏನು ಮಾಡುವುದು? ಸಂಜೆಯ ಕಛೇರಿಗೆ ಸಣ್ಣ ಟಿಕೆಟ್, ಹಗಲಿನದು ಪುಕ್ಕಟೆ. ಕಾಫಿ ಬೆಳೆಗಾರರು, ಅಂಗಡಿಯವರು ಕೈಲಾದಷ್ಟು ಕೊಡಲಿ, ಬ್ಯಾನರ್ ಮೇಲೆ ಅವರ ಫೋಟೋ ಬೇಡ. ಸರ್ಕಾರ ಕೊಟ್ಟರೆ ಬೇಡ ಅನ್ನುವುದಿಲ್ಲ, ಆದರೆ ಕೊಡದಿದ್ದರೂ ನಿಲ್ಲುವಷ್ಟು ಸಣ್ಣದಾಗಿರಲಿ. ಉಳಿದರೆ ಒಂದು ಸರ್ಕಾರಿ ಶಾಲೆಗೆ ಎರಡು ಹಳೆಯ ಸ್ಯಾಕ್ಸೋಫೋನ್, ಒಬ್ಬ ವಾಲಗದ ಮೇಷ್ಟ್ರಿಗೆ ವಾರಕ್ಕೆರಡು ತರಗತಿಯ ಸಂಬಳ. ಶಬ್ದದ ವಿಷಯದಲ್ಲಿ ಜಗಳ ಬೇಡ, ನಿಯಮದ ಪ್ರಕಾರ ರಾತ್ರಿ ಹತ್ತಕ್ಕೆ ಧ್ವನಿವರ್ಧಕ ಬಂದ್, ನಾವು ಒಂಬತ್ತೂವರೆಗೇ ಮುಗಿಸೋಣ. ಮರುದಿನ ಕೆಲಸಕ್ಕೆ ಹೋಗುವವರಿಗೂ ಅನುಕೂಲ. ಎಷ್ಟು ಬಂತು, ಎಷ್ಟು ಹೋಯಿತು ಅನ್ನುವ ಲೆಕ್ಕವನ್ನು ತಾವು ಜಾಗ ಕೊಟ್ಟರೆ ತಮ್ಮ ಪತ್ರಿಕೆಗೇ ಕಳಿಸುತ್ತೇವೆ.

ಮಂಟಪದ ಮಾಲೀಕರು, ವಾಲಗದ ತಂಡದವರು, ಪೆಂಡಾಲ್ ಹುಡುಗರು ಇದನ್ನು ಓದಿದರೆ ಪತ್ರಿಕೆಯ ಮೂಲಕವೇ ಉತ್ತರ ಬರೆಯಲಿ, ಬೈದು ಬರೆದರೂ ಸರಿ. ಅಡುಗೆ ಮನೆ ನಾನು ನೋಡಿಕೊಳ್ಳುತ್ತೇನೆ, ನೂರಿನ್ನೂರು ಜನಕ್ಕೆ ಉಪ್ಪಿಟ್ಟು, ಕೇಸರಿಬಾತ್ ಮಾಡಿಸಿ ಅಭ್ಯಾಸ ಇದೆ. ಸೌಂಡ್ ಗೊತ್ತಿರುವವರು ಮಾತ್ರ ತುರ್ತಾಗಿ ಬೇಕು. ಆ ವೈರುಗಳ ಸಹವಾಸ ನನಗೆ ಬೇಡ.

ಇಂತಿ,
ಒಬ್ಬ ಓದುಗ, ಹಾಸನ