ಪಾಲುದಾರ ಅಂದಮೇಲೆ ಲೆಕ್ಕ ತೋರಿಸಬೇಕಲ್ಲವೇ ಸಚಿವರೇ?

ಕರ್ನಾಟಕ ಸರ್ಕಾರದ ಮಾನ್ಯ ಕಾರ್ಮಿಕ ಸಚಿವರಿಗೆ,

ನಮಸ್ಕಾರ.

ನಮ್ಮಪ್ಪ ದಾವಣಗೆರೆಯ ಕಾಟನ್ ಮಿಲ್ಲೊಂದರಲ್ಲಿ ಕೆಲಸಕ್ಕಿದ್ದರು. ಮಿಲ್ಲು ಬಾಗಿಲು ಹಾಕಿದ ಮೇಲೆ ಎಪಿಎಂಸಿಯ ದಲಾಲಿ ಅಂಗಡಿ ಸೇರಿ ಇಪ್ಪತ್ತೈದು ವರ್ಷ ಮೆಕ್ಕೆಜೋಳದ ಲೆಕ್ಕ ಬರೆದರು. ಶಾಲೆ ಬಿಟ್ಟಮೇಲೆ ನಾನೂ ಅಲ್ಲೇ ಹೋಗಿ ಕೂರುತ್ತಿದ್ದೆ. ಸಂಜೆ ಹಮಾಲರು ಮೈಮೇಲಿನ ಧೂಳು ಕೊಡವಿಕೊಂಡು ಬಂದು ಗಲ್ಲಾದ ಮುಂದೆ ನಿಂತರೆ ಅಪ್ಪ ಕಿರ್ದಿ ತೆಗೆದು ಗಟ್ಟಿಯಾಗಿ ಓದುತ್ತಿದ್ದರು: ಇಷ್ಟು ಚೀಲ, ಚೀಲಕ್ಕೆ ಇಷ್ಟು, ಒಟ್ಟು ಇಷ್ಟು. ಒಂದು ರೂಪಾಯಿ ಹೆಚ್ಚುಕಮ್ಮಿ ಕೇಳಿಸಿದರೂ ಅವರು ಬಿಡುತ್ತಿರಲಿಲ್ಲ. ‘ಇನ್ನೊಂದ್ಸಲ ಓದ್ರಿ ಸ್ವಾಮಿ’ ಅಂತ ಓದಿಸುತ್ತಿದ್ದರು. ದೀಪಾವಳಿಯ ಲಕ್ಷ್ಮೀಪೂಜೆ ಮುಗಿದ ಮೇಲೆ ಅಂಗಡಿಯ ಮೂವರು ಪಾಲುದಾರರು ಕೂತು ಖಾತೆ ಪುಸ್ತಕ ತಿರುವುತ್ತಿದ್ದರು. ಸಾಹುಕಾರರು ಸಾಹುಕಾರರೇ, ಹಮಾಲರು ಹಮಾಲರೇ. ಆದರೂ ಲೆಕ್ಕ ಎಲ್ಲರ ಕಿವಿಗೂ ಬೀಳುತ್ತಿತ್ತು.

ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ಈಗಿನ ಹುಡುಗರಿಗೆ ಬಂಡವಾಳಶಾಹಿಯ ಮೇಲೆ ನಂಬಿಕೆ ಹೋಗಿದೆ, ದುಡಿಯದೆ ಎಲ್ಲ ಸಿಗಬೇಕು ಅನ್ನುತ್ತಾರೆ ಎಂಬ ದೂರು ಮದುವೆಮನೆಯ ಪಂಕ್ತಿಯಲ್ಲೂ ಕೇಳುತ್ತಿದೆ. ನಂಬಿಕೆ ಹೋಗಿದೆ, ನಿಜ. ಆದರೆ ನಾವು ಅದನ್ನು ಕಳೆದುಕೊಂಡಿದ್ದು ಯಾವ ಕೆಂಪು ಪುಸ್ತಕ ಓದಿಯೂ ಅಲ್ಲ. ವ್ಯಾಪಾರದ ಮನೆಯಲ್ಲೇ ಬೆಳೆದವಳು ನಾನು. ಲಾಭ ಅಂದರೆ ಪಾಪ ಅಂತ ನಮ್ಮ ಮನೆಯಲ್ಲಿ ಯಾರೂ ಹೇಳಿಕೊಟ್ಟಿಲ್ಲ.

ಮಿಲ್ಲು ಮುಚ್ಚಿದಾಗಲೂ ಅಪ್ಪನ ನಂಬಿಕೆ ಹೋಗಲಿಲ್ಲ. ಅದಕ್ಕೆ ಕಾರಣ ಬೆಂಗಳೂರು. 1991ರ ಉದಾರೀಕರಣದ ನಂತರ ಇಲ್ಲಿ ಐಟಿ ಬೆಳೆದಾಗ ಎದುರುಮನೆಯ ಹುಡುಗ ಇಂಜಿನಿಯರ್ ಆಗಿ ಬಂದವನು ಐದಾರು ವರ್ಷದಲ್ಲಿ ಊರಲ್ಲಿ ಮಹಡಿ ಎತ್ತಿಸಿದ. ಅಪ್ಪ ಅದನ್ನು ದಿನಾ ಬೆಳಿಗ್ಗೆ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ನೋಡಿ ನೋಡಿ, ಬ್ಯಾಂಕಿನಲ್ಲಿ ಸಾಲ ಮಾಡಿ ನನ್ನನ್ನೂ ಇಂಜಿನಿಯರಿಂಗಿಗೆ ಸೇರಿಸಿದರು.

2022ರಲ್ಲಿ ನನಗೂ ಆಫರ್ ಲೆಟರ್ ಬಂತು. ಊರಿಗೆಲ್ಲ ಪೇಡ ಹಂಚಿದೆವು. ಕೆಲಸಕ್ಕೆ ಕರೆದದ್ದು ಮಾತ್ರ ಹದಿಮೂರು ತಿಂಗಳ ನಂತರ. ‘ಯಾವಾಗ ಜಾಯ್ನಿಂಗು?’ ಅಂತ ಕೇಳುವವರಿಗೆ ಹೆದರಿ ಅಮ್ಮ ಗುಡಿಗೆ ಹೋಗುವುದನ್ನೇ ಬಿಟ್ಟಿದ್ದಳು. ಈಗ ಕೈಗೆ ಬರುವುದು ಇಪ್ಪತ್ತನಾಲ್ಕು ಸಾವಿರ. ಬೊಮ್ಮನಹಳ್ಳಿಯ ಪಿಜಿಯಲ್ಲಿ ಎರಡು ಮಂಚದ ಕೋಣೆಗೆ ಒಂಬತ್ತೂವರೆ ಸಾವಿರ, ಸಾಲದ ಕಂತು ಆರು ಸಾವಿರ. ಐಟಿ ಸೇವಾ ಕಂಪನಿಗಳಲ್ಲಿ ಫ್ರೆಶರ್ ಸಂಬಳ ದಶಕಕ್ಕೂ ಹೆಚ್ಚು ಕಾಲದಿಂದ ವರ್ಷಕ್ಕೆ ಮೂರು, ಮೂರೂವರೆ ಲಕ್ಷದ ಸುತ್ತಲೇ ಗಿರಕಿ ಹೊಡೆಯುತ್ತಿರುವುದು ನಿಮಗೂ ಗೊತ್ತು. ಅದೇ ಅವಧಿಯಲ್ಲಿ ಬೆಂಗಳೂರಿನ ಬಾಡಿಗೆ ಎಲ್ಲಿತ್ತು, ಎಲ್ಲಿಗೆ ಹೋಯಿತು ಅನ್ನುವುದನ್ನು ನಾನು ಹೇಳಬೇಕಿಲ್ಲ.

ಇಷ್ಟರ ಮೇಲೆ ಬುದ್ಧಿವಾದ ಬೇರೆ. 2023ರ ಅಕ್ಟೋಬರಿನಲ್ಲಿ ನಾರಾಯಣ ಮೂರ್ತಿಯವರು ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕು ಅಂದರು. 2025ರ ಜನವರಿ ಹೊತ್ತಿಗೆ ಎಲ್ ಅಂಡ್ ಟಿ ಮುಖ್ಯಸ್ಥರ ಬಾಯಲ್ಲಿ ಅದು 90 ಆಯಿತು. ಹೇಳಲಿ ಬಿಡಿ, ಅವರ ಮಾತು ಅವರದ್ದು. ನಮಗೆ ನೋವಾಗಿದ್ದು ನಿಮ್ಮ ಇಲಾಖೆಯಿಂದ. 2024ರ ಜುಲೈನಲ್ಲಿ ಐಟಿಯವರ ದುಡಿಮೆಯನ್ನು ದಿನಕ್ಕೆ 14 ಗಂಟೆಯವರೆಗೆ ಏರಿಸುವ ಪ್ರಸ್ತಾವ ಹೊರಬಿತ್ತು. ಐಟಿ ನೌಕರರ ಸಂಘ ಕೆಐಟಿಯು ಬೀದಿಗಿಳಿಯಿತು, ವಿಷಯ ತಣ್ಣಗಾಯಿತು. ಮರುವರ್ಷ ಜೂನ್‌ನಲ್ಲಿ ಅದೇ ಮತ್ತೆ ತಲೆಯೆತ್ತಿತು: ಓವರ್‌ಟೈಮ್ ಸೇರಿ 12 ಗಂಟೆ. ಬಾಡಿಗೆ ಬಗ್ಗೆ, ಜಾಯ್ನಿಂಗ್ ತಡವಾಗುವುದರ ಬಗ್ಗೆ ಇಷ್ಟು ಚುರುಕಾಗಿ ಕರಡು ತಯಾರಾಗಿದ್ದನ್ನು ನಾನಂತೂ ಕಾಣೆ.

ನನ್ನ ಕತೆ ಇಷ್ಟೇ. ಹೇಗೋ ನಡೆಯುತ್ತಿದೆ. ಈ ಪತ್ರ ಬರೆಯುತ್ತಿರುವುದು ನನ್ನ ಚಿಕ್ಕಪ್ಪನ ಮಗನ ಸಲುವಾಗಿ.

ಅವನು ಬಿ.ಕಾಂ. ಯುವನಿಧಿಯ ಮೂರು ಸಾವಿರ ಬರುತ್ತಿದ್ದಷ್ಟು ದಿನ ಊರಲ್ಲೇ ಕೆಲಸ ಹುಡುಕಿದ, ಆಮೇಲೆ ಬೈಕ್ ಹತ್ತಿಕೊಂಡು ಬೆಂಗಳೂರಿಗೆ ಬಂದ. ಆಪ್ ಒಂದರಲ್ಲಿ ಡೆಲಿವರಿ. ಆಪ್ ಅವನನ್ನು ಕೆಲಸಗಾರ ಅನ್ನುವುದಿಲ್ಲ, ‘ಪಾರ್ಟ್‌ನರ್’ ಅನ್ನುತ್ತದೆ. ಪಾಲುದಾರ! ಬೈಕು ಅವನದ್ದು, ಪೆಟ್ರೋಲು ಅವನದ್ದು, ಬೆನ್ನ ಮೇಲಿನ ಬ್ಯಾಗಿಗೂ ಟೀಶರ್ಟಿಗೂ ದುಡ್ಡು ಕೊಟ್ಟವನು ಅವನೇ. ಅಂದರೆ ಬಂಡವಾಳ ಹಾಕಿದ್ದಾನೆ. ಲೆಕ್ಕ ಮಾತ್ರ ಕೇಳುವ ಹಾಗಿಲ್ಲ.

ಒಂದು ರಾತ್ರಿ ಅವನ ಜೊತೆ ಡಾರ್ಕ್ ಸ್ಟೋರಿನ, ಅಂದರೆ ಆಪ್‌ನ ಆರ್ಡರುಗಳಿಗೆ ಸಾಮಾನು ತುಂಬಿಸಿಡುವ ಗೋದಾಮಿನ, ಎದುರಿನ ಟೀ ಅಂಗಡಿಯಲ್ಲಿ ಕೂತಿದ್ದೆ. ಫೋನಿನಲ್ಲಿ ಹಸಿರು ಪಟ್ಟಿ: 22 ಆರ್ಡರ್ ಮುಗಿಸಿದರೆ ಇನ್ಸೆಂಟಿವ್. ಅವನದ್ದು 21 ಆಗಿತ್ತು. ಹನ್ನೊಂದು ಗಂಟೆ. ಅಕ್ಕಪಕ್ಕದ ಹುಡುಗರಿಗೆ ಒಂದೊಂದೇ ಆರ್ಡರ್ ಬಡಿಯುತ್ತಿತ್ತು, ಇವನ ಫೋನು ಮಾತ್ರ ಕಮಕ್ ಕಿಮಕ್ ಇಲ್ಲ. ಹನ್ನೆರಡು ಹೊಡೆಯಿತು, ಪಟ್ಟಿ ಸೊನ್ನೆಗೆ ಬಂತು. ‘ದಿನಾ ಹಿಂಗೇ ಅಕ್ಕಾ, ಕೊನೇದು ಬರಲ್ಲ’ ಅಂದ. ಬೇಕೆಂದೇ ತಡೆಯುತ್ತಾರೋ, ಅವನ ನಸೀಬೋ, ನನಗೆ ಗೊತ್ತಿಲ್ಲ. ಅವನಿಗೂ ಗೊತ್ತಿಲ್ಲ. ಗೊತ್ತು ಮಾಡಿಕೊಳ್ಳಲು ದಾರಿಯೇ ಇಲ್ಲ. ‘ಇನ್ನೊಂದ್ಸಲ ಓದ್ರಿ ಸ್ವಾಮಿ’ ಅಂತ ಅವನು ಯಾರ ಮುಂದೆ ಹೋಗಿ ನಿಲ್ಲಬೇಕು?

ಕಳೆದ ತಿಂಗಳು ಬೆಳಿಗ್ಗೆ ಆಪ್ ತೆರೆದರೆ ಐಡಿ ಬ್ಲಾಕ್. ಕಾರಣ ಇಲ್ಲ. ಚಾಟ್‌ನಲ್ಲಿ ಕೇಳಿದರೆ ಯಂತ್ರವೊಂದು ‘ನಿಮ್ಮ ತಾಳ್ಮೆಗೆ ಧನ್ಯವಾದ’ ಅಂತ ಮೂರು ದಿನ ಉತ್ತರ ಕೊಟ್ಟಿತು. ಟೀಮ್ ಲೀಡರ್ ಫೋನ್ ಎತ್ತಲಿಲ್ಲ.

ನಮ್ಮ ಕನ್ನಡದಲ್ಲಿ ‘ಬಂಡವಾಳ ಬಯಲಾಯಿತು’ ಅಂತ ಒಂದು ಮಾತಿದೆ. ಅವತ್ತು ಆ ‘ಪಾಲುದಾರಿಕೆ’ಯ ಮಟ್ಟಿಗೆ ಆಗಿದ್ದು ಅದೇ.

ಈಗ ನಿಮ್ಮ ವಿಷಯಕ್ಕೆ ಬರುತ್ತೇನೆ. ನಿಮ್ಮನ್ನು ಬರೀ ಬೈಯಲು ನನಗೆ ಮನಸ್ಸಿಲ್ಲ, ಯಾಕೆಂದರೆ ಇವನ ಹಾಗೆ ಆಪ್‌ಗಳಲ್ಲಿ ದುಡಿಯುವ ಗಿಗ್ ಕಾರ್ಮಿಕರಿಗಾಗಿ ಕಾಯ್ದೆ ತಂದ ಕೆಲವೇ ರಾಜ್ಯಗಳಲ್ಲಿ ನಮ್ಮದೂ ಒಂದು. ರಾಜಸ್ಥಾನ 2023ರಲ್ಲಿ ಮಾಡಿತು. ನಾವು 2025ರ ಮೇ ತಿಂಗಳಲ್ಲಿ ಸುಗ್ರೀವಾಜ್ಞೆ ಹೊರಡಿಸಿ, ಆಗಸ್ಟ್‌ನಲ್ಲಿ ವಿಧಾನಮಂಡಲದ ಒಪ್ಪಿಗೆ ಪಡೆದೆವು. ರಜೆಯ ದಿನ ಕೂತು ಅದನ್ನು ಪೂರ್ತಿ ಓದಿದೆ. ಪ್ರತಿ ವಹಿವಾಟಿನಲ್ಲಿ ಕಾರ್ಮಿಕನಿಗೆ ಕೊಡುವ ಮೊತ್ತದ ಮೇಲೆ ಶೇ 1ರಿಂದ 5ರವರೆಗೆ ಕ್ಷೇಮನಿಧಿ ಶುಲ್ಕ, ಅದಕ್ಕೊಂದು ಮಂಡಳಿ. ಇದನ್ನು ಪತ್ರಿಕೆಗಳು ದೊಡ್ಡದಾಗಿ ಬರೆದವು. ನನಗೆ ಅದಕ್ಕಿಂತ ದೊಡ್ಡದಾಗಿ ಕಂಡದ್ದು ಬೇರೆ ಎರಡು ಮಾತು. ಲಿಖಿತ ಕಾರಣ ಮತ್ತು 14 ದಿನಗಳ ಮುಂಚಿತ ನೋಟಿಸ್ ಇಲ್ಲದೆ ಕಾರ್ಮಿಕನನ್ನು ತೆಗೆಯುವಂತಿಲ್ಲ. ಆಪ್‌ನ ಸ್ವಯಂಚಾಲಿತ ವ್ಯವಸ್ಥೆ ಅವನ ದುಡಿಮೆ, ಗಳಿಕೆಗಳನ್ನು ಹೇಗೆ ನಿರ್ಧರಿಸುತ್ತದೆ ಅನ್ನುವುದನ್ನು ಕೇಳುವ ಹಕ್ಕು ಅವನಿಗಿದೆ. ಅಂದರೆ ನಮ್ಮಪ್ಪನ ಕಿರ್ದಿಯನ್ನು ನೀವು ಕಾಯ್ದೆಯೊಳಗೆ ತಂದಿದ್ದೀರಿ!

ಹಾಗಿದ್ದ ಮೇಲೆ ನನ್ನ ತಮ್ಮನ 14 ದಿನ ಎಲ್ಲಿ ಹೋಯಿತು?

ನೀತಿ ಆಯೋಗದ 2022ರ ವರದಿಯ ಪ್ರಕಾರ ದೇಶದಲ್ಲಿ 2020-21ರಲ್ಲಿ 77 ಲಕ್ಷ ಗಿಗ್ ಕಾರ್ಮಿಕರಿದ್ದರು, 2029-30ರ ಹೊತ್ತಿಗೆ 2.35 ಕೋಟಿ ಆಗುತ್ತಾರೆ. ನಾಳೆ ಇದು ಬೈಕ್ ಓಡಿಸುವವರ ಮಾತಾಗಿ ಉಳಿಯುವುದಿಲ್ಲ. ನನ್ನ ಆಫೀಸಿನಲ್ಲೂ ಕಾಂಟ್ರಾಕ್ಟಿನವರ ಟ್ಯಾಗಿನ ಬಣ್ಣ ಬೇರೆ, ವರ್ಷಕ್ಕೆ ವರ್ಷ ಆ ಬಣ್ಣ ಹೆಚ್ಚುತ್ತಿದೆ. ನೀವು ನಮಗೆ ಭಾಷಣ ಮಾಡಿ ನಂಬಿಕೆ ಹುಟ್ಟಿಸಬೇಕಾಗಿಲ್ಲ. ಐಡಿ ಬ್ಲಾಕ್ ಆದ ದಿನವೇ ದೂರು ದಾಖಲಿಸಿಕೊಂಡು, ಕಂಪನಿಯಿಂದ ಕಾರಣ ತರಿಸಿ, ಕನ್ನಡದಲ್ಲಿ ಓದಿ ಹೇಳುವ ಒಬ್ಬ ಅಧಿಕಾರಿಯನ್ನು ಪ್ರತಿ ಜಿಲ್ಲೆಯಲ್ಲೂ ಕೂರಿಸಿ. ತಿಂಗಳಿಗೊಮ್ಮೆ ಯಾವ ಆಪ್ ಎಷ್ಟು ಮಂದಿಯನ್ನು, ಯಾವ ಕಾರಣಕ್ಕೆ ತೆಗೆಯಿತು ಅಂತ ಇಲಾಖೆಯ ಬೋರ್ಡಿಗೆ ಅಂಟಿಸಿ. ಎಪಿಎಂಸಿಯಲ್ಲಿ ದಿನದ ಧಾರಣೆ ಬರೆದು ಹಾಕುತ್ತಾರಲ್ಲ, ಹಾಗೆ.

ತಮ್ಮ ಊರಿಗೆ ಹೋಗಿದ್ದಾನೆ. ಅವನ ಬ್ಯಾಗು ನನ್ನ ಪಿಜಿಯ ಮಂಚದ ಕೆಳಗಿದೆ. ಅದಕ್ಕೆ ದುಡ್ಡು ಕೊಟ್ಟ ರಸೀದಿ, 21 ಆರ್ಡರಿನ ಸ್ಕ್ರೀನ್‌ಶಾಟು, ಬ್ಲಾಕ್ ಆದ ಸಂದೇಶ ಎಲ್ಲ ಜೋಡಿಸಿಟ್ಟಿದ್ದೇನೆ. ಶನಿವಾರ ನನಗೆ ರಜೆ, ನಿಮ್ಮ ಕಚೇರಿಗೂ ರಜೆಯಿದ್ದರೆ ಸೋಮವಾರ ಅರ್ಧ ದಿನ ಲೀವ್ ಹಾಕುತ್ತೇನೆ. ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನದಲ್ಲಿ ಯಾವ ಮಹಡಿ, ಯಾವ ಮೇಜಿಗೆ ತರಬೇಕು ಅಂತ ಮಾತ್ರ ತಿಳಿಸಿ.

ಇಂತಿ,
ದಾವಣಗೆರೆಯ ಗುಮಾಸ್ತರೊಬ್ಬರ ಮಗಳು