ಲೆಹರಾ ಹಿಡಿಯುವವರಿಲ್ಲದ ಜೋಡಿ

ಕಲಬುರಗಿ

ತಿಹಾಯಿ ಸಾಹೇಬರಿಗೆ ಶರಣು ಶರಣಾರ್ಥಿ,

ನೀನು ಕಳಿಸಿದ ಆಲ್ಬಮ್ಮಿಗೆ ಉತ್ತರವಾಗಿ ನಾನು ಒಂದು ಹೆಬ್ಬೆರಳನ್ನಷ್ಟೇ ಕಳಿಸಿದ್ದು ನಿನಗೆ ಹಿಡಿಸಿಲ್ಲವೆಂದು ತಿಳಿಯಿತು. ಅದಕ್ಕಿಂತ ಹೆಚ್ಚಿನ ಅಭಿಪ್ರಾಯ ಬೇಕೆಂದರೆ ಪತ್ರವನ್ನೇ ಬರೆಯಬೇಕು. ಬರೆದದ್ದನ್ನು ನಿನ್ನೊಬ್ಬನಿಗೇ ಓದಿಸಿ ಸುಮ್ಮನಿರುವ ದೊಡ್ಡತನ ನನ್ನಲ್ಲಿಲ್ಲವೆಂಬುದು ಕಾಲೇಜಿನ ಗೋಡೆಪತ್ರಿಕೆಯ ಕಾಲದಿಂದಲೂ ನಿನಗೆ ಗೊತ್ತಿದೆ. ಆದ್ದರಿಂದ ಇದನ್ನು ಎಲ್ಲರ ಎದುರಿಗೇ ಬರೆಯುತ್ತಿದ್ದೇನೆ. ಓದುವವರಲ್ಲಿ ನಮ್ಮ ಭಜನಾ ಮೇಳದವರೂ ಇದ್ದಾರೆ. ಚಿತ್ತಾಪುರದ ಮೈಕಿನ ಸಂಗತಿಯನ್ನು ಎತ್ತುವುದಿಲ್ಲವೆಂದು ಅವರಿಗೂ ನಿನಗೂ ಮಾತು ಕೊಡುತ್ತೇನೆ.

ಉಳಿದ ಓದುಗರಿಗಾಗಿ ವಿವರ ಹೇಳಿಬಿಡುತ್ತೇನೆ. ಈ ತಿಹಾಯಿ ಸಾಹೇಬ ತಬಲಾ ನುಡಿಸುವವನು, ಈಗ ಪುಣೆಯಲ್ಲಿದ್ದಾನೆ (ತಿಹಾಯಿ ಎಂದರೆ ಮೂರು ಸಲ ನುಡಿಸಿ ಮುಗಿಸುವ ತುಣುಕು). ನಾನು ಅವನ ಜೊತೆಗೆ ಪೇಟಿ, ಅಂದರೆ ಹಾರ್ಮೋನಿಯಂ, ನುಡಿಸುತ್ತಿದ್ದವನು. ಆಲ್ಬಮ್ಮಿನ ಹೆಸರು ‘ಹಿಸ್ಟಾರಿಕ್ ಕಾನ್ಸರ್ಟ್ಸ್’, ಅಮೆರಿಕದ ಇಬ್ಬರು ಜಾಝ್ ವಾದಕರದು. ಪಿಯಾನೊ ಸೆಸಿಲ್ ಟೇಲರ್‌ನದು, ಡ್ರಮ್ಸ್ ಮ್ಯಾಕ್ಸ್ ರೋಚ್‌ನದು. 1979ರ ಡಿಸೆಂಬರ್ 15ರಂದು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಸಭಾಂಗಣವೊಂದರಲ್ಲಿ ಇಬ್ಬರೂ ನುಡಿಸಿದ್ದನ್ನು ಮುದ್ರಿಸಿಕೊಂಡು, ಇಟಲಿಯ ಸೋಲ್ ನೋಟ್ ಕಂಪನಿಯು 1984ರಲ್ಲಿ ಹೊರತಂದಿತು. ಮೊದಲು ಒಬ್ಬೊಬ್ಬರೇ ಸುಮಾರು ಐದೈದು ನಿಮಿಷ ನುಡಿಸುತ್ತಾರೆ. ಆಮೇಲೆ ಜೋಡಿವಾದನ ಎರಡು ಭಾಗಗಳಲ್ಲಿ ಬರುತ್ತದೆ, ಒಂದೊಂದೂ ಹೆಚ್ಚುಕಡಿಮೆ ನಲವತ್ತು ನಿಮಿಷದ್ದು. ಅದಕ್ಕೆ ಹಾಡಿನ ಹೆಸರಿಲ್ಲ, ಮೊದಲೇ ಗೊತ್ತುಮಾಡಿಕೊಂಡ ಧಾಟಿಯಿಲ್ಲ, ಎಣಿಸಿ ಹೇಳಬಹುದಾದ ತಾಳವೂ ಇಲ್ಲ.

ಜಾಝ್‌ನಲ್ಲಿ ಪಿಯಾನೊ ಮತ್ತು ಡ್ರಮ್ಸ್ ಜೊತೆಗೆ ಸಾಮಾನ್ಯವಾಗಿ ಬಾಸ್ ಎಂಬ ಮೂರನೆಯ ವಾದ್ಯ ಇರುತ್ತದೆ. ಕೆಳಗಿನ ಸ್ವರಗಳನ್ನು ಹಿಡಿದು, ಹೆಜ್ಜೆ ಹಾಕಿದಂತೆ ನಡೆಯುತ್ತ, ಮಿಕ್ಕ ಇಬ್ಬರು ಎಷ್ಟು ದೂರ ಹೋದರೂ ಮರಳಿ ಬರುವುದಕ್ಕೊಂದು ಜಾಗವನ್ನು ಕಾದಿರಿಸುವುದು ಅದರ ಕೆಲಸ. ಇಲ್ಲಿ ಅದನ್ನು ಕೈಬಿಟ್ಟಿದ್ದಾರೆ. ಕೈಬಿಟ್ಟ ಕೊರತೆಯನ್ನು ಪಿಯಾನೊದ ಎಡಗೈಯಾದರೂ ತುಂಬಬಹುದೆಂದುಕೊಂಡರೆ ಟೇಲರ್ ಆ ಸೌಜನ್ಯವನ್ನೂ ತೋರಿಸುವುದಿಲ್ಲ. ಅವನ ಎಡಗೈ ಕೆಳಗಿನ ಸ್ವರಗಳಲ್ಲಿ ಒಂದು ಸಣ್ಣ ತುಣುಕನ್ನು ಒಗೆಯುತ್ತದೆ, ಬಲಗೈ ಅದನ್ನು ಮೇಲಿನ ಸ್ವರಗಳಲ್ಲಿ ಹಿಡಿದು ತಿರುಚಿ ಹಿಂದಿರುಗಿಸುತ್ತದೆ, ಇವೆರಡರ ನಡುವೆ ಅಂಗೈಯಿಂದಲೂ ಮುಂಗೈಯಿಂದಲೂ ಹತ್ತಾರು ಮನೆಗಳನ್ನು (ಕೀಲಿಗಳನ್ನು) ಒಟ್ಟಿಗೆ ಒತ್ತಿದ ಸದ್ದು ಬಂದು ಬೀಳುತ್ತದೆ. ನಮ್ಮ ಮನೆಯಲ್ಲಿ ಮಧ್ಯಾಹ್ನದ ಬಿಸಿಲಿಗೆ ಕಿಟಕಿ ಮುಚ್ಚಿ ಮೊದಲ ಸಲ ಹಚ್ಚಿದಾಗ ನಿನ್ನ ವೈನಿ ಅಡುಗೆಮನೆಯಿಂದಲೇ, “ಯಾರ ಮನ್ಯಾಗ ಭಾಂಡೆ ಬೀಳಲತ್ತಾವ?” ಎಂದು ಕೇಳಿದಳು. ಅದಕ್ಕಿಂತ ನಿಖರವಾದ ವಿಮರ್ಶೆಯನ್ನು ನಾನು ಎಲ್ಲಿಯೂ ಓದಿಲ್ಲ. ಆದರೂ ಅದು ವಿಮರ್ಶೆಯ ಮೊದಲ ಸಾಲು ಮಾತ್ರ.

ಪಿಯಾನೊವನ್ನು ನಾವು ತಂತಿವಾದ್ಯವೆಂದುಕೊಂಡು ಕೇಳುತ್ತೇವೆ. ಅದರ ಮನೆಯನ್ನು ಒತ್ತಿದಾಗ ಒಳಗೆ ಉಣ್ಣೆ ಸುತ್ತಿದ ಸುತ್ತಿಗೆಯೊಂದು ಎದ್ದು ತಂತಿಗೆ ಬಡಿಯುತ್ತದೆ, ಅಂದರೆ ಅದು ಬಡಿಯುವ ವಾದ್ಯವೂ ಹೌದು. ಟೇಲರ್‌ನ ಪಿಯಾನೊ ಎಂದರೆ ಶ್ರುತಿ ಮಾಡಿದ 88 ಡ್ರಮ್ಮುಗಳು ಎಂಬ ಮಾತು ಜಾಝ್ ವಲಯದಲ್ಲಿ ಹಳೆಯದು, ಈ ಆಲ್ಬಮ್ಮಿನಲ್ಲಿ ಅದು ಬರೀ ಹೊಗಳಿಕೆಯಾಗಿ ಉಳಿಯುವುದಿಲ್ಲ. ರೋಚ್ ಇನ್ನೊಂದು ದಿಕ್ಕಿನಿಂದ ಬರುತ್ತಾನೆ. ಅವನ ಒಂದೊಂದು ಡ್ರಮ್ಮಿಗೂ ಬೇರೆ ಬೇರೆ ಎತ್ತರದ ನಾದವಿದೆ. ಅವನು ವಾಕ್ಯ ಕಟ್ಟಿದಂತೆ ನುಡಿಸುತ್ತಾನೆ, ಹೇಳಿದ್ದನ್ನು ಮತ್ತೊಮ್ಮೆ ಹೇಳಿ ಕೊನೆಯ ಪದವನ್ನಷ್ಟೇ ಬದಲಿಸುತ್ತಾನೆ, ಒಂದು ಮಾತು ಮುಗಿದದ್ದು ನಮಗೆ ಸ್ಪಷ್ಟವಾಗಿ ಗೊತ್ತಾಗುವಂತೆ ಬಿಡುವು ಕೊಡುತ್ತಾನೆ. ಹೀಗಾಗಿ ಬಹಳ ಹೊತ್ತು ಡ್ರಮ್ಸ್ ಹಾಡಿದಂತೆಯೂ ಪಿಯಾನೊ ಬಡಿದಂತೆಯೂ ಕೇಳಿಸುತ್ತದೆ. ಅದಲುಬದಲು ಎಂದು ಹೇಳಿ ಮುಂದೆ ಹೋಗಬಹುದಾಗಿತ್ತು, ಆದರೆ ಅದಲುಬದಲಿನಲ್ಲಿಯೂ ಒಬ್ಬನು ಇನ್ನೊಬ್ಬನ ಜಾಗಕ್ಕೆ ಹೋಗಿ ಕೂತಿರುತ್ತಾನೆ. ಇಲ್ಲಿ ಖಾಲಿ ಮಾಡಿದ ಜಾಗವೇ ಇಲ್ಲ.

ಆಗ ರೋಚ್‌ಗೆ 55 ವರ್ಷ, ಟೇಲರ್‌ಗೆ 50. ವಯಸ್ಸಿನ ಅಂತರ ಚಿಕ್ಕದು, ಬಂದ ದಾರಿಗಳ ಅಂತರ ದೊಡ್ಡದು. ರೋಚ್ 1940ರ ದಶಕದಲ್ಲಿ ಸ್ಯಾಕ್ಸೊಫೋನ್‌ವಾದಕ ಚಾರ್ಲಿ ಪಾರ್ಕರ್‌ನ ಜೊತೆಗೆ ನುಡಿಸಿದವನು. ಅಲ್ಲಿಯವರೆಗೆ ಕಾಲಿನ ದೊಡ್ಡ ಡ್ರಮ್ಮಿನ ಮೇಲೆ ಕೂತಿದ್ದ ಲಯವನ್ನು, ಡ್ರಮ್ಮರ್ ಕೆನ್ನಿ ಕ್ಲಾರ್ಕ್ ತೋರಿಸಿದ ದಾರಿ ಹಿಡಿದು, ಕೈಯ ತಾಳತಟ್ಟೆಗೆ ಏರಿಸಿದವರಲ್ಲಿ ಪ್ರಮುಖನು. ಅಂದರೆ ಲಯದ ಕಾಲ ಹಿಡಿಯುವ ಕಲೆಯಲ್ಲಿ ಅವನಿಗೆ ಮಿಗಿಲಾದವರು ಅಂದು ಹೆಚ್ಚು ಜನ ಇರಲಿಲ್ಲ. ಟೇಲರ್ ಆ ಕಾಲವನ್ನೇ ಸಡಿಲಿಸಿದವನು. ಅವನ ತಂಡದಲ್ಲಿ ಸನ್ನಿ ಮರ್ರೆ, ಆಂಡ್ರ್ಯೂ ಸಿರಿಲ್ ಮುಂತಾದ ಡ್ರಮ್ಮರುಗಳು ತಾಳ ಎಣಿಸುವ ಕೆಲಸದಿಂದ ಬಿಡುಗಡೆ ಪಡೆದೇ ನುಡಿಸಿದರು. ರೋಚ್ ಅವರ ಸಾಲಿನವನಲ್ಲ, ಇಲ್ಲಿ ಅವರಂತೆ ಆಗಲು ಹವಣಿಸುವುದೂ ಇಲ್ಲ. ಟೇಲರ್ ತನ್ನ ಸುರಿಮಳೆಯನ್ನು ನಿಲ್ಲಿಸಿ ಕೆಲವೇ ಸ್ವರಗಳಿಗೆ ಇಳಿದಾಗ ಯಾವ ಸಾಥಿದಾರನಾದರೂ ತಾನೂ ಇಳಿಯುತ್ತಾನೆ. ರೋಚ್ ತನ್ನ ಮಾತು ಮುಗಿಯುವವರೆಗೆ ಇಳಿಯುವುದಿಲ್ಲ. ಅದು ಸೊಕ್ಕೆಂದು ನನಗೆ ಮೊದಲು ಅನ್ನಿಸಿತ್ತು. ಕೇಳುತ್ತ ಹೋದಂತೆ ಅದು ಒಂದು ಬಗೆಯ ಮರ್ಯಾದೆಯಾಗಿ ಕಾಣತೊಡಗಿತು, ಏಕೆಂದರೆ ಎದುರಿನವನು ತನ್ನನ್ನು ತಾನೇ ಹೊತ್ತುಕೊಳ್ಳಬಲ್ಲನೆಂಬ ನಂಬಿಕೆ ಇಲ್ಲದವನು ಹಾಗೆ ಬಿಟ್ಟು ನಿಲ್ಲಲಾರನು.

ಇಲ್ಲಿ ನಮ್ಮ ವೇದಿಕೆಗಳ ಬಗ್ಗೆ ಒಂದು ಕಹಿ ಮಾತು ಹೇಳುವುದಿದೆ, ಮೇಳದವರು ಕ್ಷಮಿಸಬೇಕು. ಜುಗಲ್‌ಬಂದಿ ಎಂದರೆ ನಮ್ಮ ಜನ ಸವಾಲ್-ಜವಾಬಿಗಾಗಿ ಕಾಯುತ್ತಾರೆ. ಒಬ್ಬನು ನಾಲ್ಕು ಬೋಲು (ತಬಲಾದ ನುಡಿಗಳು) ನುಡಿಸಿದ್ದನ್ನು ಇನ್ನೊಬ್ಬನು ಹಾಗೆಯೇ ನುಡಿಸಿ ತೋರಿಸುತ್ತಾನೆ, ನಾಲ್ಕು ಎರಡಾಗುತ್ತದೆ, ಎರಡು ಒಂದಾಗುತ್ತದೆ, ಚಪ್ಪಾಳೆ ಬೀಳುತ್ತದೆ. ಅನುಕರಣೆಯನ್ನು ನಾವು ಸಂವಾದವೆಂದು ತಿಳಿದುಕೊಂಡಿದ್ದೇವೆ. ಈ ಎಂಬತ್ತು ನಿಮಿಷಗಳಲ್ಲಿ ಅಂಥದ್ದು ಬರುವುದಿಲ್ಲ, ಒಬ್ಬನು ಹೇಳಿದ್ದು ಇನ್ನೊಬ್ಬನ ಕಿವಿಗೆ ಬಿದ್ದಿದೆಯೆಂಬುದಕ್ಕೆ ಸಾಕ್ಷಿ ಬಹಳ ತಡವಾಗಿ, ಬೇರೆಯದೇ ರೂಪದಲ್ಲಿ ಸಿಗುತ್ತದೆ. ದೋಷವಿಲ್ಲವೆಂದಲ್ಲ. ಎರಡನೆಯ ಭಾಗದ ನಡುವೆ ನನಗೆ ದಣಿವಾಗುತ್ತದೆ. ಟೇಲರ್‌ನ ದಟ್ಟಣೆ ಒಂದು ಹಂತದ ನಂತರ ತನ್ನ ಹರಿತವನ್ನು ತಾನೇ ಕಳೆದುಕೊಳ್ಳುತ್ತದೆ, ಎಲ್ಲವೂ ತುತ್ತತುದಿಯಲ್ಲೇ ಇದ್ದರೆ ತುದಿಗೆ ಅರ್ಥವಿರುವುದಿಲ್ಲ. ಹೊಸದಾಗಿ ಕೇಳುವವರು ಒಬ್ಬೊಬ್ಬರ ವಾದನವನ್ನೂ ಮೊದಲ ಭಾಗವನ್ನೂ ಕೇಳಿ ಎದ್ದುಹೋದರೆ ಪಾಪವೇನೂ ತಟ್ಟುವುದಿಲ್ಲ. ಇದಕ್ಕಿಂತ ಮೃದುವಾದ ಬಾಗಿಲು ಬೇಕೆಂದರೆ, 1977ರಲ್ಲಿ ಇದೇ ರೋಚ್ ದಕ್ಷಿಣ ಆಫ್ರಿಕಾದ ಪಿಯಾನೊವಾದಕ ಅಬ್ದುಲ್ಲಾ ಇಬ್ರಾಹಿಮ್ ಜೊತೆಗೆ ಮುದ್ರಿಸಿದ ಜೋಡಿವಾದನವೂ ಇದೆ.

ವಿಮರ್ಶೆ ಇಲ್ಲಿಗೆ ಮುಗಿಯಬೇಕಾಗಿತ್ತು. ಆದರೆ ಆ ವಾರದಲ್ಲಿಯೇ ನೀನು ಪುಣೆಯಿಂದ ಹಾಕಿದ ವಿಡಿಯೊ ನೋಡಿದೆ. ಆರಂಭದ ಪೇಷ್ಕಾರ ಚೆನ್ನಾಗಿತ್ತು, ವೇಗದ ರೇಲಾದಲ್ಲಿ ಎಡಗೈ ಮೊದಲಿಗಿಂತ ತುಂಬಿಕೊಂಡಿದೆ. ಲೆಹರಾ, ಅಂದರೆ ತಬಲಾದ ಹಿಂದೆ ತಾಳ ಹಿಡಿದು ತಿರುತಿರುಗಿ ನುಡಿಸುವ ಸ್ವರಗಳ ಸಾಲು, ಚಂದ್ರಕೌಂಸ್ ರಾಗದ್ದಾಗಿತ್ತು. ನುಡಿಸುತ್ತಿದ್ದದ್ದು ನಿನ್ನ ಬಲಮಂಡಿಯ ಪಕ್ಕ ಗೋಡೆಗೆ ಒರಗಿಸಿಟ್ಟ ಮೊಬೈಲು.

ಮೊಬೈಲಿನ ಆ ಲೆಹರಾ ಆ್ಯಪಿನ ಬಗ್ಗೆ ನನ್ನ ತಕರಾರಿಲ್ಲ. ಅದು ಶ್ರುತಿ ಕಪ್ಪು ಎರಡರಲ್ಲಿ ಬೇಕೆಂದರೆ ಕಪ್ಪು ಎರಡರಲ್ಲಿ, ಬಿಳಿ ನಾಲ್ಕರಲ್ಲಿ ಬೇಕೆಂದರೆ ಬಿಳಿ ನಾಲ್ಕರಲ್ಲಿ ನುಡಿಯುತ್ತದೆ. ದ್ರುತಕ್ಕೆ ಹೋದಾಗ ಅದಕ್ಕೆ ಮಣಿಕಟ್ಟು ನೋಯುವುದಿಲ್ಲ, ನಡುವೆ ಚಹಾ ಕೇಳುವುದಿಲ್ಲ, ತಾಳದ ಹದಿನಾರು ಮಾತ್ರೆಗಳನ್ನು ಹದಿನಾರಾಗಿಯೇ ಇಡುತ್ತದೆ. ನಾನು ಪೇಟಿ ಹಿಡಿದು ಕೂತಾಗ ಇವುಗಳಲ್ಲಿ ಯಾವುದನ್ನೂ ಖಾತ್ರಿಯಾಗಿ ಹೇಳುವಂತಿರಲಿಲ್ಲ. ಒಂದೇ ಸಾಲನ್ನು ತಿರುತಿರುಗಿ ನುಡಿಸುವುದು, ನೀನು ಕಾಯ್ದಾ (ಬೆಳೆಸುತ್ತ ಹೋಗುವ ಬೋಲುಗಳ ರಚನೆ) ಹಿಡಿದು ಎಲ್ಲೆಲ್ಲಿಗೋ ಹೋಗುವುದು, ನಾನು ಅಲ್ಲಿಯೇ ಇರುವುದು: ಇದನ್ನೇ ನಾನು ಇಷ್ಟು ವರ್ಷ ನಮ್ಮಿಬ್ಬರ ಜೋಡಿವಾದನ ಎಂದು ಊರೆಲ್ಲ ಹೇಳಿಕೊಂಡು ತಿರುಗಿದೆ. ಟೇಲರ್‌ನ ಜಾಗದಲ್ಲಿ ಆ್ಯಪನ್ನು ಇಟ್ಟರೆ ಆಲ್ಬಮ್ಮು ಅಲ್ಲಿಗೇ ನಿಂತುಹೋಗುತ್ತದೆ. ನನ್ನ ಜಾಗದಲ್ಲಿ ಇಟ್ಟರೆ ಏನಾಗುತ್ತದೆಂಬುದನ್ನು ನಿನ್ನ ವಿಡಿಯೊದಲ್ಲಿ ಕಂಡೆ. ಏನೂ ಆಗಲಿಲ್ಲ, ನೀನು ಇನ್ನಷ್ಟು ಚೆನ್ನಾಗಿ ನುಡಿಸಿದೆ.

ನನ್ನ ಪರವಾಗಿ ಒಂದು ವಾದ ಹುಡುಕಿದ್ದೇನೆ. ಪೇಟಿಯ ಮನೆಯನ್ನು ಎಷ್ಟೇ ಜೋರಾಗಿ ಒತ್ತಿದರೂ ಸದ್ದು ಹೆಚ್ಚುವುದಿಲ್ಲ, ಅದು ಬಡಿಯುವ ವಾದ್ಯವಲ್ಲ, ಉಸಿರಿನ ವಾದ್ಯ. ಒತ್ತು ಕೊಡಬೇಕೆಂದರೆ ತಿದಿಯಿಂದಲೇ ಕೊಡಬೇಕು. ನೀನು ಚಕ್ರದಾರ (ಮೂರು ಸಲ ಸುತ್ತುವ ದೊಡ್ಡ ತಿಹಾಯಿ) ಹಿಡಿದು ಸಮ್‌ಗೆ, ಅಂದರೆ ತಾಳದ ಮೊದಲ ಮಾತ್ರೆಗೆ, ಮರಳುವ ಹೊತ್ತಿನಲ್ಲಿ, ಹದಿನೈದನೆಯ ಮಾತ್ರೆಯಿಂದಲೇ ನಾನು ತಿದಿಯನ್ನು ಸ್ವಲ್ಪ ಬಿಗಿಯಾಗಿ ತಳ್ಳುತ್ತಿದ್ದೆ. ‘ಧಾ’ ಬೀಳುವ ಕ್ಷಣಕ್ಕೆ ಸ್ವರ ತುಸು ಉಬ್ಬಿರುತ್ತಿತ್ತು. ನೀನು ತಡವಾಗುತ್ತೀಯೆಂದು ನಿನ್ನ ಭುಜದಿಂದಲೇ ತಿಳಿದರೆ ನಾನೂ ಒಂದು ಕೂದಲೆಳೆ ತಡಮಾಡುತ್ತಿದ್ದೆ. ಕೇಳುವವರಿಗೆ ನೀನು ಸರಿಯಾಗಿ ಬಂದು ಬಿದ್ದಂತೆ ಕೇಳಿಸುತ್ತಿತ್ತು. ಇದನ್ನು ನಿನಗೆ ಎಂದೂ ಹೇಳಿರಲಿಲ್ಲ, ಹೇಳುವ ಅಗತ್ಯವೂ ಕಂಡಿರಲಿಲ್ಲ. ಈಗ ಸಾರ್ವಜನಿಕವಾಗಿ ಹೇಳುತ್ತಿರುವುದರಿಂದ ನನ್ನ ಸ್ಥಿತಿ ಯಾವ ಮಟ್ಟಕ್ಕೆ ಬಂದಿದೆಯೆಂದು ಊಹಿಸಿಕೋ.

ಆದರೆ ಆ ವಾದವೂ ನನ್ನನ್ನು ಬಹಳ ದೂರ ಕೊಂಡೊಯ್ಯಲಿಲ್ಲ. ರೋಚ್ ಟೇಲರ್‌ನನ್ನು ಒಮ್ಮೆಯೂ ಹೀಗೆ ಹಿಡಿದು ಇಳಿಸುವುದಿಲ್ಲ. ನಮ್ಮ ಮೇಳದಲ್ಲಿ ಕಡಕೋಳ ಮಡಿವಾಳಪ್ಪನವರ ಪದ ಹಾಡುವಾಗ ಹಿಮ್ಮೇಳ ಮುಮ್ಮೇಳದ ಸಾಲನ್ನು ಎತ್ತಿಕೊಂಡು ನಡೆಸುತ್ತದೆ, ಅಲ್ಲಿ ಅದೇ ಧರ್ಮ, ಅದರಲ್ಲಿ ನನಗೆ ಕೀಳೆಂಬ ಭಾವವಿಲ್ಲ. ನನ್ನ ಕಳವಳ ಬೇರೆಯದು. ವೇದಿಕೆಯ ಕೆಳಗೂ ನಾನು ನಿನಗೆ ಲೆಹರಾ ಹಿಡಿದೇ ಕೂತಿದ್ದೇನೆ. ಫೋನಿನಲ್ಲಿ ನೀನು ಪುಣೆಯ ಸುದ್ದಿ ಹೇಳುತ್ತೀ, ನಾನು ಹೌದೌದು ಎನ್ನುತ್ತ ನಮ್ಮಿಬ್ಬರಿಗೇ ಗೊತ್ತಿರುವ ಅಡಕಿ ಮಾಸ್ತರರ ಒಂಬತ್ತನೆಯ ಮಾತ್ರೆಯ ಹಳೆಯ ತಮಾಷೆಗೆ ಬಂದು ನಿಲ್ಲುತ್ತೇನೆ, ಇಬ್ಬರೂ ನಕ್ಕು ಫೋನಿಡುತ್ತೇವೆ. ನೀನು ಹೋದ ಮೇಲೆ ನಾನು ಪೇಟಿ ತೆಗೆದೇ ಇಲ್ಲವೆಂಬುದನ್ನು ಆ ಹದಿನಾರು ಮಾತ್ರೆಗಳಲ್ಲಿ ಎಲ್ಲಿ ಇಡಬೇಕೆಂದು ನನಗೆ ತಿಳಿಯಲಿಲ್ಲ. ಮೇಳದವರಿಗೆ ಮಣಿಕಟ್ಟಿನ ನೋವೆಂದು ಹೇಳಿದ್ದೇನೆ. ಮಣಿಕಟ್ಟು ಚೆನ್ನಾಗಿಯೇ ಇದೆ.

1956ರ ಜೂನಿನಲ್ಲಿ ಒಂದೇ ರಸ್ತೆ ಅಪಘಾತದಲ್ಲಿ ರೋಚ್‌ನ ತಂಡದ ಟ್ರಂಪೆಟ್‌ವಾದಕ ಕ್ಲಿಫರ್ಡ್ ಬ್ರೌನ್ ಮತ್ತು ಪಿಯಾನೊವಾದಕ ರಿಚಿ ಪೊವೆಲ್ ಇಬ್ಬರೂ ತೀರಿಕೊಂಡರು. ಅದಾದ ಕೆಲವು ವರ್ಷಗಳಲ್ಲಿ ಅವನು ಪಿಯಾನೊ ಇಲ್ಲದ ತಂಡಗಳನ್ನೂ ಕಟ್ಟಿ ನುಡಿಸಿದ. ಅದಕ್ಕೂ ಇದಕ್ಕೂ ನಂಟು ಹಾಕುವ ಹಕ್ಕು ನನಗಿಲ್ಲ, ಸಂಗೀತದ ಕಾರಣಗಳೇ ಇದ್ದಿರಬಹುದು. ಆದರೂ ಮುದುಡಿ ಕೂರದೆ, ಜೊತೆಯ ಜಾಗವನ್ನು ಬರಿದಾಗಿಯೇ ಬಿಟ್ಟು ನುಡಿಸುತ್ತ ಹೋದವನು, ಇಪ್ಪತ್ತಮೂರು ವರ್ಷಗಳ ಮೇಲೆ ತನ್ನ ಮಾತನ್ನು ಲೆಕ್ಕಿಸದ ಪಿಯಾನೊದ ಎದುರಿಗೆ ಬಂದು ಕೂತನೆಂಬುದನ್ನು ನೆನೆದರೆ, ಮಣಿಕಟ್ಟಿಗೆ ಪಟ್ಟಿ ಸುತ್ತಿಕೊಂಡು ಭಜನೆಯ ಹಿಂದಿನ ಸಾಲಿನಲ್ಲಿ ಕೂರುವ ನನಗೆ ನನ್ನ ಬಗ್ಗೆಯೇ ನಗು ಬರುತ್ತದೆ. ಅವನಿಗೆ ಸಾವು ಎದುರಾಗಿತ್ತು, ನನಗೆ ಎದುರಾದದ್ದು ನಿನ್ನ ಬಡ್ತಿ ಮತ್ತು ವರ್ಗಾವಣೆ.

ಸಾಕು, ನಿನ್ನ ತಾಯಿಯವರೂ ಇದನ್ನು ಓದುತ್ತಾರೆ, ಇನ್ನೂ ಮುಂದೆ ಹೋದರೆ ನನಗೆ ಫೋನು ಮಾಡಿ ಊಟ ಮಾಡಿದೆಯಾ ಎಂದು ಕೇಳುತ್ತಾರೆ.

ಶರಣಬಸವೇಶ್ವರರ ಜಾತ್ರೆಗೆ ಬಂದಾಗ ನನ್ನ ಮನೆಯಲ್ಲಿಯೇ ಕೂರೋಣ. ಲೆಹರಾ ಇರುವುದಿಲ್ಲ. ನೀನು ತಬಲಾದ ಮೇಲೆ ಏನು ಬೇಕಾದರೂ ನುಡಿಸು, ನಾನು ಪೇಟಿಯಲ್ಲಿ ನನಗೆ ತೋಚಿದ್ದನ್ನು ನುಡಿಸುತ್ತೇನೆ, ನೀನು ಸಮ್‌ಗೆ ಬಂದಾಗ ನಾನು ಅಲ್ಲಿ ಸಿಗದೆ ಹೋಗಬಹುದು. ಅಂಗೈಯಿಂದ ಹತ್ತು ಮನೆಗಳನ್ನು ಒಟ್ಟಿಗೆ ಒತ್ತುವ ಪ್ರಯೋಗವನ್ನೂ ಮಾಡಲಿದ್ದೇನೆ, ಪೇಟಿಯ ಗಾಳಿ ಅಷ್ಟಕ್ಕೆ ಸಾಲುತ್ತದೆಯೋ ಇಲ್ಲವೋ ನೋಡಬೇಕು. ನಿನ್ನ ವೈನಿ ಆ ದಿನ ತವರಿಗೆ ಹೋಗುವುದಾಗಿ ಈಗಲೇ ತಿಳಿಸಿದ್ದಾಳೆ.

ಇಂತಿ ನಿನ್ನ,
ಪೇಟಿ ಮಾಸ್ತರ (ಹಾಲಿ ರಜೆಯ ಮೇಲೆ)

ತಾ.ಕ.: ಆ ಆ್ಯಪನ್ನು ನಾನೂ ಇಳಿಸಿಕೊಂಡಿದ್ದೇನೆ, ತಪಾಸಣೆಗಾಗಿ ಮಾತ್ರ. ದುಡ್ಡು ಕೊಡದವರಿಗೆ ಅದು ನಡುನಡುವೆ ಜಾಹೀರಾತು ಹಚ್ಚುತ್ತದೆ. ಹದಿಮೂರನೆಯ ಮಾತ್ರೆಯಲ್ಲಿ ಸಾಲದ ಜಾಹೀರಾತು ಬಂತು. ನೀನು ದುಡ್ಡು ಕೊಟ್ಟಿದ್ದೀಯೆಂದು ಕಾಣುತ್ತದೆ. ನನಗೆ ಚಹಾದ ಮೇಲೆ ಇನ್ನೇನನ್ನೂ ಕೊಟ್ಟ ನೆನಪಿಲ್ಲ.