ಐದು ನಿಮಿಷದಲ್ಲಿ ಹೇಳಲಾಗದ್ದು

ಹೋದ ಭಾನುವಾರ ಹಾಸನದಲ್ಲಿ ನನ್ನ ಹಳೆಯ ಸಹಪಾಠಿಗಳೆಲ್ಲ ಸೇರಿ, ನಿವೃತ್ತಿಯಾದ ನನಗೆ ಶಾಲು ಹೊದಿಸಿ, ಮೈಸೂರು ಪೇಟ ತೊಡಿಸಿ, ಕೈತುಂಬ ಹಣ್ಣು ಕೊಟ್ಟರು. ಮುಖ್ಯ ಅತಿಥಿಗಳು ಮುಕ್ಕಾಲು ಗಂಟೆ ಮಾತಾಡಿದರು. ನನ್ನ ಪಾಲಿಗೆ ಉಳಿದದ್ದು ಐದು ನಿಮಿಷ, ಅಷ್ಟರಲ್ಲಿ ಪಕ್ಕದಲ್ಲಿ ಎಲೆ ಹಾಕುವ ಸದ್ದು ಬೇರೆ. ಹೇಳಬೇಕಾದದ್ದು ಗಂಟಲಲ್ಲೇ ಉಳಿಯಿತು. ಅದಕ್ಕೇ ಈ ಬರಹ.

ಮೊದಲು ಒಂದು ತಿದ್ದುಪಡಿ. ಕರೆಯೋಲೆಯಲ್ಲಿ 'ಹಾರ್ಮೋನ್ ಕಂಡುಹಿಡಿದ ವಿಜ್ಞಾನಿ' ಎಂದು ಅಚ್ಚಾಗಿತ್ತು. ನಾನು ಯಾವ ಹಾರ್ಮೋನನ್ನೂ ಕಂಡುಹಿಡಿದಿಲ್ಲ. ಲ್ಯೂಟಿನೈಸಿಂಗ್ ಹಾರ್ಮೋನ್, ಅಂದರೆ ಎಲ್‌.ಎಚ್‌., ನಾನು ಹುಟ್ಟುವ ಮೊದಲೇ ಗೊತ್ತಿದ್ದದ್ದು. ತಲೆಯೊಳಗಿನ ಪಿಟ್ಯುಟರಿ ಗ್ರಂಥಿಯಿಂದ ಹೊರಟ ಅದು ಅಂಡಾಶಯದ ಜೀವಕೋಶಕ್ಕೆ ಸುದ್ದಿ ಮುಟ್ಟಿಸುವುದು ಹೇಗೆ ಎಂದು ನೋಡುತ್ತಾ ಮೂವತ್ತೈದು ವರ್ಷ ಕಳೆದೆ, ಅಷ್ಟೇ.

ಆ ಹುಚ್ಚು ಹಿಡಿಸಿದವರು ಬಿ.ಎಸ್ಸಿ.ಯಲ್ಲಿ ಪ್ರಾಣಿಶಾಸ್ತ್ರ ಕಲಿಸಿದ ಮೇಷ್ಟ್ರು. ಒಂದು ದಿನ ಪಾಠ ಬದಿಗಿಟ್ಟು 1977ರ ನೊಬೆಲ್ ಕತೆ ಹೇಳಿದರು. ರೋಜರ್ ಗಿಲ್ಲೆಮಿನ್ ಕುರಿಗಳಿಂದ, ಆಂಡ್ರ್ಯೂ ಶಾಲಿ ಹಂದಿಗಳಿಂದ ಮೆದುಳಿನ ಹೈಪೋಥಲಾಮಸ್ ಚೂರುಗಳನ್ನು ಲಕ್ಷಗಟ್ಟಲೆ ಕೂಡಿಹಾಕಿ, ಪಿಟ್ಯುಟರಿಗೆ ಅಪ್ಪಣೆ ಕೊಡುವ ಹಾರ್ಮೋನುಗಳನ್ನು ಒಬ್ಬರ ಮೇಲೊಬ್ಬರು ಜಿದ್ದಿಗೆ ಬಿದ್ದು ಹುಡುಕಿದ್ದು. ಅದೇ ವರ್ಷ ಅವರ ಜೊತೆ ಬಹುಮಾನ ಹಂಚಿಕೊಂಡ ರೋಸಲಿನ್ ಯಾಲೋ, ವಿಕಿರಣ ಸೂಸುವ ಅಯೋಡಿನನ್ನು ಹಾರ್ಮೋನಿಗೆ ಅಂಟಿಸಿ ರಕ್ತದಲ್ಲಿ ಅದರ ಲವಲೇಶವನ್ನೂ ಅಳೆಯುವ ದಾರಿ ತೋರಿಸಿದ್ದು. "ಕಸಾಯಿಖಾನೆಯಿಂದಲೂ ನೊಬೆಲ್‌ಗೆ ಬಸ್ಸಿದೆ ಕಣ್ರಪ್ಪ" ಎಂದು ನಕ್ಕರು. ನೊಬೆಲ್ ಬಸ್ಸು ನನಗೆ ಸಿಗಲಿಲ್ಲ. ಕಸಾಯಿಖಾನೆ ಮಾತ್ರ ಸಿಕ್ಕಿತು.

ಬೆಂಗಳೂರಿನಲ್ಲಿ ಸಂಶೋಧನೆಗೆ ಸೇರಿದಾಗ ಎಲ್‌.ಎಚ್‌. ಅನ್ನು ನಾವೇ ಕುರಿಯ ಪಿಟ್ಯುಟರಿಯಿಂದ ತೆಗೆಯಬೇಕಿತ್ತು. ಬೆಳಗಿನ ಜಾವ ನಾಲ್ಕೂವರೆಗೆ ಐಸು ತುಂಬಿದ ಥರ್ಮೋಕೋಲ್ ಪೆಟ್ಟಿಗೆ ಹಿಡಿದು ಹೋಗುತ್ತಿದ್ದೆ. ಮೊದಲ ದಿನ ನಾನು ವಾಂತಿ ಮಾಡಿಕೊಂಡದ್ದನ್ನು ನೋಡಿದ ಅಲ್ಲಿನ ಭಾಯ್ ಒಬ್ಬರು ಚಹಾ ಕುಡಿಸಿ, "ನೀವು ಆಚೆ ಕೂತ್ಕೊಳ್ಳಿ ಅಮ್ಮಾ, ಏನು ಬೇಕು ಅಂತ ತೋರಿಸಿ" ಎಂದರು. ಬಟಾಣಿ ಕಾಳಿನಂಥ ಆ ಗ್ರಂಥಿ ಬುರುಡೆಯ ತಳದಲ್ಲಿ ಎಲುಬಿನ ಸಣ್ಣ ಗುಳಿಯಲ್ಲಿ ಕೂತಿರುತ್ತದೆ. ಅವಸರ ಮಾಡಿದರೆ ಒಡೆದುಹೋಗುತ್ತದೆ. ವಾರದೊಳಗೆ ಅವರ ಕೈ ನನ್ನದಕ್ಕಿಂತ ಪಳಗಿತ್ತು. ಒಡೆದದ್ದನ್ನು ತಾವೇ ಬೇರೆ ಇಡುತ್ತಿದ್ದರು, ಅದಕ್ಕೆ ದುಡ್ಡು ಮುಟ್ಟುತ್ತಿರಲಿಲ್ಲ. ಅಂಥ ನೂರಾರು ಗ್ರಂಥಿ ಅರೆದು, ಸೋಸಿ, ಬೇರೆ ಬೇರೆ ಪ್ರೋಟೀನುಗಳನ್ನು ಬಿಡಿಸುವ ಕೊಳವೆಯಲ್ಲಿ (ಕಾಲಂ) ಇಳಿಸಿದರೆ ಕೊನೆಗೆ ಸಿಗುತ್ತಿದ್ದದ್ದು ಉಗುರಿನ ಮೇಲೆ ಹಿಡಿಸುವಷ್ಟು ಬಿಳಿ ಪುಡಿ. ನನ್ನ ಪ್ರಬಂಧದಲ್ಲಿ ಇದಕ್ಕೆಲ್ಲ ಇರುವುದು ಒಂದೇ ಸಾಲು: 'ಕುರಿಯ ಪಿಟ್ಯುಟರಿಗಳನ್ನು ಸ್ಥಳೀಯ ಕಸಾಯಿಖಾನೆಯಿಂದ ಪಡೆಯಲಾಯಿತು.' ಪಡೆಯಲಾಯಿತಂತೆ! ಕೊಟ್ಟವರು ಅವರು. ಭಾಯ್, ನಿಮಗೆ ಮೊದಲ ನಮಸ್ಕಾರ.

ವಿಷಯ ಗೊತ್ತಾದಾಗ ಅವ್ವ, "ಇಷ್ಟು ಓದ್ಸಿದ್ದು ಕುರಿ ತಲೆ ಒಡ್ಸಾಕಾ?" ಎಂದಳು. ಆದರೂ ಪ್ರತಿ ತಿಂಗಳು ಅರಕಲಗೂಡು ಬಸ್ಸಿನಲ್ಲಿ ಹುರಿಹಿಟ್ಟು ಕಳಿಸುವುದು ನಿಲ್ಲಿಸಲಿಲ್ಲ.

1989 ಕೆಟ್ಟ ವರ್ಷ. ಐದು ವರ್ಷದಿಂದ ಎಲ್‌.ಎಚ್‌. ಬಂದು ಕೂರುವ ರಿಸೆಪ್ಟರನ್ನು ಶುದ್ಧ ಮಾಡಲು ಹೆಣಗುತ್ತಿದ್ದೆ. ಆಗಸ್ಟ್‌ನ 'ಸೈನ್ಸ್' ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಎರಡು ತಂಡಗಳು, ಒಂದು ಇಲಿಯದು, ಇನ್ನೊಂದು ಹಂದಿಯದು, ಅದರ ಪೂರ್ತಿ ರಚನೆಯನ್ನು ಜೀನ್ ಮೂಲಕವೇ ಓದಿ ಹಾಕಿದ್ದವು. ಜೀವಕೋಶದ ಪೊರೆಯನ್ನು ಏಳು ಸಲ ಹೊಲಿದುಕೊಂಡು ಹೋದಂತಿರುವ ಪ್ರೋಟೀನು. ಲೈಬ್ರರಿಯಲ್ಲಿ ನಿಂತೇ ಓದಿದೆ. ಊರಿಗೆ ಹೋಗಿ ಆಲೂಗಡ್ಡೆ ಬೆಳೆಯೋಣ ಎಂದು ನಿಜವಾಗಿಯೂ ಯೋಚಿಸಿದೆ. ನನ್ನ ಗೈಡ್ ಸಮಾಧಾನದ ಮಾತೇನೂ ಆಡಲಿಲ್ಲ. "ಶುದ್ಧ ಹಾರ್ಮೋನು ನಿನ್ನ ಫ್ರೀಜರಿನಲ್ಲಿದೆಯಲ್ಲ, ಅದರ ಯಾವ ಭಾಗ ಈ ರಿಸೆಪ್ಟರಿಗೆ ತಾಗುತ್ತೆ ನೋಡು. ಸೋಮವಾರದಿಂದ. ಈಗ ಹೋಗಿ ಊಟ ಮಾಡು" ಎಂದರು. ಮುಂದಿನ ನನ್ನ ಬದುಕೆಲ್ಲ ಆ ಸೋಮವಾರದ್ದೇ. ಫ್ರೀಜರಿನಲ್ಲಿದ್ದದ್ದು ಭಾಯ್ ಕೊಟ್ಟದ್ದೇ.

ಅಪ್ಪನಿಗೆ ಒಮ್ಮೆ ನನ್ನ ಕೆಲಸ ವಿವರಿಸಿದೆ: ಹಸು ಬೆದೆಗೆ ಬಂದಾಗ ಎಲ್‌.ಎಚ್‌. ಒಮ್ಮೆಲೇ ಏರುತ್ತೆ, ಆಮೇಲೆ ಸುಮಾರು ಒಂದು ದಿನಕ್ಕೆ ಅಂಡ ಹೊರಬರುತ್ತೆ ಅಂತ. ಅಪ್ಪ ಹಾಲು ಕರೆಯುತ್ತಲೇ, "ಬೆಳಿಗ್ಗೆ ಬೆದೆ ಕಂಡ್ರೆ ಸಂಜಿಕೆ ಗಬ್ಬದ ಸೂಜಿ, ಸಂಜಿಕೆ ಕಂಡ್ರೆ ಬೆಳಿಗ್ಗೆ. ಡೈರಿ ಡಾಕ್ಟ್ರು ಹೇಳಿ ಎಷ್ಟು ಕಾಲಾಯ್ತು" ಎಂದ. ನನ್ನ ವೈವಾ ಪರೀಕ್ಷೆಯಲ್ಲೂ ಅಷ್ಟು ಬೆವರಿರಲಿಲ್ಲ.

ಇಲಿಮನೆ ನೋಡಿಕೊಂಡು ಹಬ್ಬದ ದಿನವೂ ಬಂದು ಮೇವು ಹಾಕಿದ ಅಣ್ಣನಿಗೆ, ನನ್ನ ಹದಿನಾಲ್ಕು ವಿದ್ಯಾರ್ಥಿಗಳಿಗೆ, ರಾತ್ರಿ ಹನ್ನೊಂದಕ್ಕೂ ಗೇಟು ತೆಗೆದ ಕಾವಲಿನವರಿಗೆ ನಾನು ಋಣಿ.

ಇನ್ನು ಹಾಸನದ ಗೆಳೆಯರೇ, ಭಾನುವಾರದ ಊಟದ ಖರ್ಚು ಯಾರದು ಎಂದು ಕೇಳಿದರೆ ಎಲ್ಲರೂ ಇನ್ನೊಬ್ಬರ ಕಡೆ ಬೆರಳು ತೋರಿಸುತ್ತಿದ್ದೀರಿ. ಹೋಳಿಗೆ ಚೆನ್ನಾಗಿತ್ತು. ಯಾರು ಅಂತ ಹೇಳಿಬಿಡಿ.